ರುಚಿ ನೋಡುವವರ ಹಸಿವು

ಒಂಬತ್ತು ವರ್ಷ ಅವರ ಕೈಕೆಳಗೆ ಕೆಲಸ ಮಾಡಿದೆ. ಯಾವ ಅಡುಗೆಯ ಬಗ್ಗೆಯೂ ಅವರ ಬಾಯಿಂದ ‘ಚೆನ್ನಾಗಿದೆ’ ಎಂಬ ಮಾತನ್ನು ನಾನು ಕೇಳಲಿಲ್ಲ. ಬಹಳ ಮೆಚ್ಚಿದರೆ ‘ಹೋಗ್ಲಿ’ ಅನ್ನುತ್ತಿದ್ದರು. ಪಾತ್ರೆ ಊಟದ ಹಾಲ್‌ಗೆ ಹೋಗಲಿ, ಬಡಿಸಬಹುದು ಎಂದರ್ಥ. ಭಟ್ಟರು ಆ ಒಂದು ಮಾತಿಗಾಗಿ ಬೆವರು ಒರೆಸಿಕೊಳ್ಳುತ್ತಾ ಕಾದು ನಿಲ್ಲುತ್ತಿದ್ದರು.

ಎಲೆಕ್ಟ್ರಾನಿಕ್ ಸಿಟಿಯ ಒಂದು ಸಾಫ್ಟ್‌ವೇರ್ ಕಂಪನಿಯ ಕ್ಯಾಂಟೀನ್ ನಮ್ಮದು. ನಮ್ಮದು ಅಂದರೆ ಗುತ್ತಿಗೆ ಹಿಡಿದವರದು. ಅವರ ಆಫೀಸು, ಗೋಡೌನು ಎಲ್ಲ ದೂರದ ಪೀಣ್ಯದಲ್ಲಿ. ನಾನು ಹೇಳುತ್ತಿರುವವರು ಇಲ್ಲಿಯ ಅಡುಗೆಮನೆಗೆ ಸೂಪರ್‌ವೈಸರ್. ಅಕ್ಕಿ ಬೇಳೆ ತೂಗಿ ಕೊಡುವುದು, ಫ್ರಿಜ್ಜುಗಳ ಬೀಗದ ಕೈ ಇಟ್ಟುಕೊಳ್ಳುವುದು ನನ್ನ ಕೆಲಸ. ಅವರ ಹೆಸರು ಬರೆಯುವುದಿಲ್ಲ. ಅಡುಗೆಮನೆಯಲ್ಲಿಯೂ ಯಾರೂ ಹೆಸರು ಹಿಡಿದು ಕರೆದವರಲ್ಲ. ತರಕಾರಿ ಹೆಚ್ಚುವ ಹೆಂಗಸರಿಂದ ಹಿಡಿದು ಪಾತ್ರೆ ತೊಳೆಯುವ ಬಿಹಾರದ ಗಂಡಸರವರೆಗೆ ಎಲ್ಲರಿಗೂ ಅವರು ‘ಅಣ್ಣ’. ಅಣ್ಣ ತೀರಿಕೊಂಡು ಐದು ತಿಂಗಳಾಯಿತು. ಹೊಸ ಸೂಪರ್‌ವೈಸರ್ ಒಳ್ಳೆಯ ಹುಡುಗ, ಕಿವಿಗೆ ಇಯರ್‌ಫೋನ್ ಹಾಕಿಕೊಂಡೇ ಸಾಂಬಾರಿನ ರುಚಿ ನೋಡುತ್ತಾನೆ.

ಅಣ್ಣನ ಜೊತೆ ನನ್ನ ಪರಿಚಯ ಶುರುವಾದದ್ದೇ ಜಗಳದಿಂದ. ನಾನು ಸೇರಿ ಒಂದು ವಾರವಾಗಿರಲಿಲ್ಲ. ಬೆಳಿಗ್ಗೆ ಬರಬೇಕಿದ್ದ ತೊಗರಿಬೇಳೆಯ ಲಾರಿ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಿತ್ತು. ಹತ್ತಿರದ ಅಂಗಡಿಯಿಂದ ಒಂದು ಮೂಟೆ ತರಿಸಿ ಕೊಟ್ಟುಬಿಟ್ಟೆ, ಯಾರಿಗೂ ಹೇಳಲಿಲ್ಲ. ಹನ್ನೊಂದೂವರೆಗೆ ಸ್ಟೋರಿನ ಬಾಗಿಲಿನಲ್ಲಿ ಬೆಳಕು ಮರೆಯಾಯಿತು. ಅಷ್ಟು ದೊಡ್ಡ ಆಳು. ಅಂಗೈಯಲ್ಲಿ ಒಂದಿಷ್ಟು ಸಾಂಬಾರು ಹಾಕಿಕೊಂಡು ಬಂದು ನಿಂತಿದ್ದರು.

“ಬ್ಯಾಳಿ ಬ್ಯಾರೆ ಐತಲ್ಲ ತಂಗಿ?”

“ಇಲ್ಲ ಸಾರ್, ಅದೇ ಬೇಳೆ” ಎಂದೆ.

ಅವರು ಅಂಗೈ ನೆಕ್ಕಿದರು. ಮತ್ತೊಮ್ಮೆ ನನ್ನ ಮುಖ ನೋಡಿದರು. “ಅಂಗಡಿಯವನಿಗೆ ಹೇಳು, ಹಳೇ ಬ್ಯಾಳಿಗೆ ಎಣ್ಣಿ ಸವರಿ ಮಾರಬ್ಯಾಡ ಅಂತ” ಎಂದು ಹೊರಟುಹೋದರು. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅಂದಿನಿಂದ ‘ಸಾರ್’ ಹೋಗಿ ‘ಅಣ್ಣ’ ಆಯಿತು. ರಾಣೆಬೆನ್ನೂರಿನ ಕಡೆಯವರು, ಮೂವತ್ತು ವರ್ಷ ಬೆಂಗಳೂರಿನಲ್ಲಿದ್ದರೂ ಊರಿನ ಮಾತು ನಾಲಿಗೆ ಬಿಟ್ಟಿರಲಿಲ್ಲ.

ಆ ನಾಲಿಗೆಯೇ ಅವರ ನೌಕರಿ. ನಮ್ಮಲ್ಲೊಂದು ನಿಯಮವಿದೆ. ಹಾಲ್‌ಗೆ ಹೋಗುವ ಪ್ರತಿಯೊಂದು ಪದಾರ್ಥವನ್ನೂ ಸೂಪರ್‌ವೈಸರ್ ರುಚಿ ನೋಡಿ ಪುಸ್ತಕದಲ್ಲಿ ಸಹಿ ಹಾಕಬೇಕು. ಒಂದೊಂದು ಚಮಚ ಸಣ್ಣ ಡಬ್ಬಿಗೆ ಹಾಕಿ, ತಾರೀಖು ಬರೆದು, ಬೇರೆಯದೇ ಒಂದು ಪುಟ್ಟ ಫ್ರಿಜ್ಜಿನಲ್ಲಿ ಒಂದು ದಿನ ಇಡಬೇಕು. ತಿಂದವರಿಗೆ ಏನಾದರೂ ಆದರೆ ಪರೀಕ್ಷೆಗೆ ಕಳಿಸಲು. ಬೇರೆ ಕ್ಯಾಂಟೀನುಗಳಲ್ಲಿ ಈ ಸಹಿ ಬೆಳಿಗ್ಗೆ ಕಾಫಿ ಕುಡಿಯುತ್ತಲೇ ಬಿದ್ದಿರುತ್ತದೆ. ಅಣ್ಣ ಹಾಗಲ್ಲ. ಎಡ ಅಂಗೈಗೆ ಹಾಕಿಸಿಕೊಂಡು, ಕಣ್ಣು ಮುಚ್ಚಿ, ತಲೆ ಮೇಲೆತ್ತಿ ನಿಲ್ಲುವರು. ಅಷ್ಟು ಹೊತ್ತು ಸೌಟಿನ ಸದ್ದು ಸಹ ಇರಕೂಡದು.

“ಮದುವೆ ಯಾಕಾಗಲಿಲ್ಲ ಅಣ್ಣ?” ಎಂದು ಒಮ್ಮೆ ಕೇಳಿದ್ದೆ. “ಹೆಣ್ಣು ನೋಡಾಕ ಹೋದೆ. ಉಪ್ಪಿಟ್ಟು ಕೊಟ್ಟರು. ಉಪ್ಪು ಒಂದು ಚಿಟಿಕಿ ಕಡಿಮಿ ಐತಿ ಅಂದೆ. ಮಾಡಿದಾಕಿ ಹುಡುಗಿ ಅಲ್ಲ, ಅವರವ್ವ” ಎಂದರು. ಎಷ್ಟು ನಿಜವೋ ಎಷ್ಟು ತಮಾಷೆಯೋ. ಅಣ್ಣನಿಗೆ ಅಕ್ಕ ಒಬ್ಬರನ್ನು ಬಿಟ್ಟರೆ ಊರಿನಲ್ಲಿಯೂ ಯಾರೂ ಇರಲಿಲ್ಲ. ಸಿಂಗಸಂದ್ರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಸಾವಿರಾರು ಜನಕ್ಕೆ ಉಣ್ಣಿಸುವವರ ಮನೆಯಲ್ಲಿ ಒಲೆಯಿಲ್ಲ, ಫ್ರಿಜ್ಜಿಲ್ಲ, ಒಂದು ತಟ್ಟೆ ಸಹ ಇತ್ತೋ ಇಲ್ಲವೋ.

ಅವರ ಮನೆ ಅಂದರೆ ಮಧ್ಯಾಹ್ನ ಮೂರು ಗಂಟೆ. ಹಾಲ್ ಖಾಲಿಯಾಗಿ, ಪಾತ್ರೆಗಳೆಲ್ಲ ತೊಟ್ಟಿಗೆ ಬಿದ್ದ ಮೇಲೆ, ಹಿಂದಿನ ಬಾಗಿಲ ಹತ್ತಿರ ತರಕಾರಿ ಕ್ರೇಟುಗಳನ್ನು ಬೋರಲು ಹಾಕಿ ನಾವೆಲ್ಲ ಊಟಕ್ಕೆ ಕೂರುತ್ತಿದ್ದೆವು. ಅಣ್ಣನಿಗೆ ಎರಡು ಕ್ರೇಟು. ಯಾರಾದರೂ ಒಬ್ಬರು ಕಡಿಮೆಯಾದರೂ ತಟ್ಟೆ ಮುಟ್ಟುತ್ತಿರಲಿಲ್ಲ. “ಆ ದೊಡ್ಡ ಪಾತ್ರಿ ತೊಳಿಯೋನು ಎಲ್ಲಿ? ಕರೀರಿ ಅವನ್ನ” ಎಂದು ಕೂಗುವರು. ಬಿಹಾರದವರಿಗೆ ಮುದ್ದೆ ನುಂಗುವುದು ಕಲಿಸಿದ್ದು ಅವರೇ. ನನ್ನ ಗಂಡನ ಮನೆಯವರು ಹೊಲ ಮಾರಿ, ನಾಲ್ಕು ಅಂತಸ್ತಿನ ಮನೆ ಎಬ್ಬಿಸಿ, ಬಾಡಿಗೆಯ ಮೇಲೆ ಹಾಯಾಗಿರುವವರು. ನಾನು ಕೆಲಸಕ್ಕೆ ಹೋಗುವುದೇ ಅವರಿಗೆ ಅವಮಾನ. ಮನೆಯಲ್ಲಿ ನನಗೆ ಊಟಕ್ಕೇನೂ ಕೊರತೆಯಿರಲಿಲ್ಲ, ‘ಬಾ, ಕೂತ್ಕೊ’ ಅನ್ನುವವರು ಇರಲಿಲ್ಲ. ಆ ಮಾತು ನನಗೆ ಸಿಗುತ್ತಿದ್ದುದು ಮೂರು ಗಂಟೆಗೆ, ಆ ಕ್ರೇಟಿನ ಮೇಲೆ. ನೌಕರಿ ಬಿಡುವುದೆಂದರೆ ನನಗೆ ಅದನ್ನು ಬಿಡುವುದಾಗಿತ್ತು.

ಅಣ್ಣನ ಮೊಣಕಾಲು ಕೈಕೊಟ್ಟಿದ್ದು ಎರಡು ವರ್ಷದ ಹಿಂದೆ. ಮೊದಲು ಒಲೆಗೆ ಆತುಕೊಂಡು ನಿಲ್ಲತೊಡಗಿದರು. ಆಮೇಲೆ ಸೌಟನ್ನು ಊರುಗೋಲಿನಂತೆ ಹಿಡಿದರು. ಮೂಳೆ ಡಾಕ್ಟರು, ಮೊದಲು ಇಪ್ಪತ್ತು ಕೆಜಿ ಇಳಿಸಿ ಬನ್ನಿ, ಆಮೇಲೆ ಆಪರೇಷನ್ನಿನ ಮಾತು ಎಂದರಂತೆ. ಅಷ್ಟರಲ್ಲಿ ಪೀಣ್ಯದ ಆಫೀಸಿಗೆ ಸುದ್ದಿ ಹೋಯಿತು. ನಿಲ್ಲಲಾಗದಿದ್ದರೆ ಇಲ್ಲಿಗೆ ಬನ್ನಿ, ಕುರ್ಚಿ ಮೇಲೆ ಕೂತು ಮಾಡುವ ಕೆಲಸ ಕೊಡುತ್ತೇವೆ ಎಂದರು. ಬೇರೆಯವರಾಗಿದ್ದರೆ ಹಬ್ಬ ಮಾಡುತ್ತಿದ್ದರು. ಅಣ್ಣ ಹಬ್ಬ ಮಾಡಲಿಲ್ಲ. “ಅಲ್ಲಿ ಮೂರು ಗಂಟೇಕ ನಾ ಯಾರ ಜೋಡಿ ಉಣ್ಲಿ?” ಎಂದು ಒಮ್ಮೆ ಮಾತ್ರ ಹೇಳಿದರು.

ಇದಾಗಿ ಕೆಲವು ವಾರಕ್ಕೆ, ಸ್ಯಾಂಪಲ್ ಫ್ರಿಜ್ಜಿನಿಂದ ಹಳೆಯ ಡಬ್ಬಿ ತೆಗೆಯುವಾಗ, ಹಿಂದೆ ಒಂದು ಮೊಸರಿನ ಡಬ್ಬಿ ಕಣ್ಣಿಗೆ ಬಿತ್ತು. ಅದರ ಮೇಲೆ ತಾರೀಖಿರಲಿಲ್ಲ. ಮುಚ್ಚಳ ತೆಗೆದರೆ ಒಳಗೆ ದಪ್ಪ ಪೆನ್ನಿನಂಥದ್ದು. ಅಷ್ಟರಲ್ಲಿ ಅಣ್ಣ ಹಿಂದೆ ಬಂದು ನಿಂತಿದ್ದರು.

“ಮುಟ್ಟಬ್ಯಾಡ ತಂಗಿ. ಅದು ನನ್ನ ಮೊಣಕಾಲು.”

ತೂಕ ಇಳಿಸುವ ಇಂಜೆಕ್ಷನ್. ಅವರ ಸಕ್ಕರೆ ಕಾಯಿಲೆಯ ಡಾಕ್ಟರೇ ಬರೆದುಕೊಟ್ಟಿದ್ದರು. ವಾರಕ್ಕೊಂದು ಸಲ ಹೊಟ್ಟೆಗೆ ಚುಚ್ಚಿಕೊಳ್ಳಬೇಕು, ತಣ್ಣಗೆ ಇಟ್ಟಿರಬೇಕು. ಸ್ಯಾಂಪಲ್ ಫ್ರಿಜ್ಜಿನಲ್ಲಿ ಬೇರೇನನ್ನೂ ಇಡಕೂಡದು ಎಂದು ನಮಗೆಲ್ಲ ಬೈದು ಕಲಿಸಿದವರು, ತಾವೇ ಅದರಲ್ಲಿ ಬಚ್ಚಿಟ್ಟಿದ್ದರು. “ಅಡುಗಿಮನಿಯವ ಹಸಿವು ಸಾಯಿಸೋ ಔಷಧ ತಗೋತಾನಂತ ತಿಳಿದ್ರ ಜನ ನಗ್ತಾರ. ಯಾರಿಗೂ ಹೇಳಬ್ಯಾಡ” ಎಂದರು. ಡಾಕ್ಟರು ಕೊಟ್ಟ ಚೀಟಿಯನ್ನು, ಕನ್ನಡಕ ತಂದಿಲ್ಲವೆಂದು, ನನ್ನಿಂದಲೇ ಓದಿಸಿದರು. ಸಣ್ಣ ಡೋಸಿನಿಂದ ಶುರು ಮಾಡಬೇಕು. ನಾಲ್ಕು ವಾರಕ್ಕೆ ಮುಂಚೆ ಹೆಚ್ಚಿಸಬಾರದು. ವಾಕರಿಕೆ ಬರಬಹುದು, ಸ್ವಲ್ಪ ಸ್ವಲ್ಪವೇ ತಿನ್ನಿ, ನೀರು ಕುಡಿಯಿರಿ. ಮೇಲ್ಹೊಟ್ಟೆಯಲ್ಲಿ ಜೋರು ನೋವು ಬಂದು ಬೆನ್ನಿಗೆ ಹೋದರೆ, ವಾಂತಿ ನಿಲ್ಲದಿದ್ದರೆ, ಇಂಜೆಕ್ಷನ್ ನಿಲ್ಲಿಸಿ ಕೂಡಲೇ ಆಸ್ಪತ್ರೆಗೆ ಬನ್ನಿ. ಯಾವ ಡಾಕ್ಟರ ಹತ್ತಿರ ಹೋದರೂ ಈ ಔಷಧಿಯ ವಿಷಯ ಹೇಳಿ. ಇಷ್ಟನ್ನೂ ನಾನು ಗಟ್ಟಿಯಾಗಿ ಓದಿದ್ದೆ. ಆದ್ದರಿಂದ ನನಗೆ ತಿಳಿದಿರಲಿಲ್ಲ ಎಂದು ಈಗ ಹೇಳುವಂತಿಲ್ಲ.

ಔಷಧಿಯ ಮೇಲೆ ನಾನು ಗೂಬೆ ಕೂರಿಸುವುದಿಲ್ಲ. ಮೊದಲ ಎರಡು ತಿಂಗಳು ಅಣ್ಣ ಡಾಕ್ಟರು ಹೇಳಿದಂತೆ ನಡೆದರು, ಮೈಯೂ ಹೇಳಿದಂತೆ ಕೇಳಿತು. ಸಕ್ಕರೆ ಇಳಿಯಿತು. ಗ್ಯಾಸ್ ಸಿಲಿಂಡರ್ ಇಡುವ ಕಟ್ಟೆಯ ಮೂರು ಮೆಟ್ಟಿಲನ್ನು ಕಂಬ ಹಿಡಿಯದೆ ಹತ್ತಿ, ನನ್ನನ್ನು ಕರೆದು ತೋರಿಸಿದರು. ಎರಡು ಕ್ರೇಟು ಹೋಗಿ ಒಂದಾಯಿತು. ನಾವು ಚಪ್ಪಾಳೆ ತಟ್ಟಿದೆವು. ಆಮೇಲೆ ತೂಕ ಒಂದು ಕಡೆ ನಿಂತುಬಿಟ್ಟಿತು. ಅದೇ ಹೊತ್ತಿಗೆ ಪೀಣ್ಯದಿಂದ ಫೋನು: ಯುಗಾದಿಯ ಹೊತ್ತಿಗೆ ನಿರ್ಧಾರ ಮಾಡಿ, ಇಲ್ಲ ಗಟ್ಟಿಯಾಗಿ ನಿಲ್ಲಿ, ಇಲ್ಲ ಬನ್ನಿ.

ಅಣ್ಣ ಡಾಕ್ಟರ ಹತ್ತಿರ ಹೋಗಲಿಲ್ಲ. ಪರಿಚಯದ ಯಾರೋ ಒಬ್ಬ, ಚೀಟಿ ಕೇಳದೆ, ಹೆಚ್ಚಿನ ಡೋಸಿನ ಪೆನ್ನು ತಂದುಕೊಟ್ಟ. ಡೋಸು ಹೆಚ್ಚಿಸುವ ಮಧ್ಯದ ಎರಡು ಹಂತಗಳನ್ನು ಅಣ್ಣ ಹಾರಿದರು.

“ಡಾಕ್ಟ್ರನ್ನ ಒಂದ್ ಮಾತು ಕೇಳ್ಬೋದಿತ್ತಲ್ಲಣ್ಣ. ಇಂಗ್ ಮಾಡಿದ್ರೆ ಎಂಗೆ?” ಎಂದೆ.

“ಡಾಕ್ಟರು ತಿಂಗಳಿಗೊಂದು ಮೆಟ್ಲು ಅಂತಾರ. ಯುಗಾದಿ ನನಗ ಕಾಯ್ತೈತೇನು?”

ಪಾಯಸಕ್ಕೆ ಒಂದು ಹಿಡಿ ಸಕ್ಕರೆ ಹೆಚ್ಚು ಬಿದ್ದರೆ ಇಡೀ ಕೊಳಗವನ್ನೇ ವಾಪಸು ಕಳಿಸುತ್ತಿದ್ದ ಮನುಷ್ಯ, ತನ್ನ ಮೈಗೆ ಹಾಕಿಕೊಳ್ಳುವುದರ ಅಳತೆ ಮಾತ್ರ ನೋಡಲಿಲ್ಲ. ನಾನೂ ಮತ್ತೆ ಒತ್ತಾಯಿಸಲಿಲ್ಲ.

ಒಂದು ತಿಂಗಳಲ್ಲಿ ಅಣ್ಣ ಅರ್ಧವಾದರು. ಪ್ಯಾಂಟನ್ನು ಗೋಣಿ ಹೊಲಿಯುವ ಹುರಿಯಿಂದ ಬಿಗಿದುಕೊಂಡಿದ್ದರು. ಕೆನ್ನೆ ಜೋತುಬಿತ್ತು. ತಟ್ಟೆ ಇಡಲು ಬರುವ ಐಟಿ ಹುಡುಗರು “ಸಕ್ಕತ್ ಆಗಿದೀರಾ ಗುರು, ಏನ್ ಡಯಟ್?” ಎಂದು ಕೇಳುವರು. “ಸಿರಿಧಾನ್ಯ” ಎಂದು ಇವರು ಸುಳ್ಳು ಬಿಡುವರು. ಒಗ್ಗರಣೆಯ ವಾಸನೆ ಎದ್ದರೆ ಸಾಕು, ಕರವಸ್ತ್ರ ಮೂಗಿಗೆ ಹಿಡಿದು ಹಿಂದಿನ ಬಾಗಿಲಿಗೆ ಓಡುತ್ತಿದ್ದರು. ಇಂಗಿನ ಒಗ್ಗರಣೆಗೆ ಪ್ರಾಣ ಬಿಡುತ್ತಿದ್ದವರು ಇವರೇನಾ ಅನ್ನಿಸುತ್ತಿತ್ತು.

ಒಂದು ದಿನ ಹನ್ನೊಂದೂವರೆಗೆ ಅಂಗೈ ಒಡ್ಡಿದರು. ಭಟ್ಟ ಹುಳಿ ಹಾಕಿದ. ಕೈ ಬಾಯಿಯವರೆಗೆ ಹೋಗಿ ನಿಂತಿತು. ಅದನ್ನು ಹಾಗೇ ಹಿಡಿದುಕೊಂಡು ಸ್ಟೋರಿಗೆ ಬಂದು ನನ್ನ ಮುಂದೆ ಹಿಡಿದರು. “ನೀ ನೋಡು ತಂಗಿ. ನನ್ನ ಕೈಲಿ ಆಗವಲ್ದು.” ನೋಡಿದೆ. ಉಪ್ಪು ಸರಿಯಿದೆ ಎಂದೆ. ಹೋಗಿ ಸಹಿ ಹಾಕಿದರು. ಮರುದಿನವೂ ಹಾಗೆಯೇ. ಆಮೇಲೆ ಅದೇ ಪದ್ಧತಿಯಾಯಿತು. ಭಟ್ಟರು ಚಿಕ್ಕ ಚಿಕ್ಕ ಬಟ್ಟಲಲ್ಲಿ ಹಾಕಿ ಸ್ಟೋರಿಗೆ ಕಳಿಸುವರು. ಅಣ್ಣ ಒಳಗೆ ಬಂದು ಬಾಗಿಲು ಮುಂದೆ ಮಾಡುವರು. ನಾನು ರುಚಿ ನೋಡುವುದು, ಅವರು ನನ್ನ ಮುಖ ನೋಡುವುದು, ಸಹಿ ಅವರದು. ಅದೇ ದಿನಗಳಲ್ಲಿ ನಮ್ಮ ಗುತ್ತಿಗೆದಾರರ ಇನ್ನೊಂದು ಕ್ಯಾಂಟೀನಿನಲ್ಲಿ ಕೆಲವರಿಗೆ ಹೊಟ್ಟೆ ಕೆಟ್ಟು, ರುಚಿ ನೋಡದೆ ಸಹಿ ಹಾಕಿದ ಸೂಪರ್‌ವೈಸರನ್ನೂ ಅವನ ಜೊತೆಗಾರನನ್ನೂ ಮನೆಗೆ ಕಳಿಸಿದ್ದರು. ನಾವಿಬ್ಬರೂ ಆ ಸುದ್ದಿ ಕೇಳಿದ್ದೆವು. ಆದರೂ ಬಾಗಿಲು ಮುಂದೆ ಮಾಡುವುದು ನಿಲ್ಲಿಸಲಿಲ್ಲ.

ಮೂರು ಗಂಟೆಗೂ ಅಣ್ಣ ಬರುವುದು ಬಿಟ್ಟರು. ಮೊದಮೊದಲು ಫೋನಿನ ನೆಪ, ಆಮೇಲೆ ನೆಪವೂ ಇಲ್ಲ. ಹುಡುಕಿಕೊಂಡು ಹೋದರೆ ಸ್ಟೋರಿನ ಮೂಲೆಯಲ್ಲಿ, ಅಕ್ಕಿ ಮೂಟೆಗೆ ಒರಗಿ, ಕೈಯಲ್ಲಿ ಅರ್ಧ ಇಡ್ಲಿ ಹಿಡಿದು ಕೂತಿದ್ದರು. ಬೆಳಿಗ್ಗೆಯ ಇಡ್ಲಿ, ಒಣಗಿತ್ತು.

“ಬನ್ನಿ ಅಣ್ಣ, ಎಲ್ಲಾ ಕಾಯ್ತಾವ್ರೆ. ತಿನ್ದೇ ಇದ್ರೂ ಪರವಾಗಿಲ್ಲ, ಸುಮ್ನೆ ಕೂತ್ಕೊಳ್ಳಿ.”

“ಹಸಿವಾ ಇಲ್ಲ ಅಂದಮ್ಯಾಲೆ ಅಲ್ಲಿ ಕುಂತು ಏನ್ ಮಾಡ್ಲಿ ತಂಗಿ? ನೀವು ಉಣ್ಣೋದು ನೋಡಿದ್ರ ಮದುವಿ ಮನಿ ಹೊರಗ ನಿಂತಂಗ ಆಗ್ತೈತಿ.”

ಅವರನ್ನು ಅಲ್ಲೇ ಬಿಟ್ಟು ಬಂದು ಊಟ ಮಾಡಿದೆ. ಇವತ್ತಿಗೂ ಆ ಅರ್ಧ ಇಡ್ಲಿ ನೆನಪಾದರೆ ನನಗೆ ನಾಚಿಕೆಯಾಗುತ್ತದೆ. ನಾನೂ ಒಂದು ದಿನ ಮೂಟೆಗೆ ಒರಗಿ ಅವರ ಪಕ್ಕ ಕೂರಬಹುದಿತ್ತು.

ಅದು ಒಂದು ಗುರುವಾರ. ಬೆಳಿಗ್ಗೆಯೇ ಅಣ್ಣನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು. ಎರಡು ಸಲ ವಾಂತಿಯಾಯಿತು. ಹೊಟ್ಟೆ ಹಿಡಿದು ಬಗ್ಗಿದ್ದರು. ಜೀರಿಗೆ ನೀರು ಕುಡಿದರು, ಸೋಡಾ ಕುಡಿದರು. “ಗ್ಯಾಸ್ ಆಗೈತಿ” ಎಂದರು. “ಬೆನ್ನಿಗೂ ಬಂದೈತಾ?” ಎಂದು ಕೇಳಿದೆ. ಹೌದೆಂದು ತಲೆಯಾಡಿಸಿದರು. ಬಲವಂತವಾಗಿ ಕಂಪನಿಯ ಒಳಗಿನ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಅಲ್ಲಿ ಕೂತಿದ್ದವಳು ಚಿಕ್ಕ ವಯಸ್ಸಿನ ಡಾಕ್ಟರಮ್ಮ, ಮುಖದಲ್ಲಿ ಕರುಣೆಯಿತ್ತು. ಹೊಟ್ಟೆ ಒತ್ತಿ ನೋಡಿದಳು. ಆಮೇಲೆ ಕೇಳಿದಳು.

“ಬೇರೆ ಏನಾದ್ರೂ ಮೆಡಿಸಿನ್ ತಗೋತಿದೀರಾ ಅಂಕಲ್? ಇಂಜೆಕ್ಷನ್, ಏನಾದ್ರೂ?”

“ಸಕ್ಕರಿ ಗುಳಿಗಿ. ಅಷ್ಟ.”

ಹೇಳಿ ಅಣ್ಣ ನನ್ನ ಕಡೆ ನೋಡಿದರು. ಡಾಕ್ಟರಮ್ಮನೂ ನೋಡಿದಳು. “ನಿಮ್ಗೇನಾದ್ರೂ ಗೊತ್ತಾ ಅಕ್ಕ?” ಎಂದಳು. ಎದುರಿಗೆ ಕೈ ತೊಳೆಯುವ ವಿಧಾನದ ಚಿತ್ರ ಅಂಟಿಸಿದ್ದರು. ನಾನು ಅದನ್ನು ನೋಡಿದೆ. ಇಂಜೆಕ್ಷನ್ ಅಂದರೆ ಎಲ್ಲಿಟ್ಟಿದ್ದರು ಎಂಬ ಮಾತು ಬರುತ್ತದೆ. ವಾಕರಿಕೆ ಇದ್ದವರು ರುಚಿ ಹೇಗೆ ನೋಡಿದರು ಎಂಬ ಮಾತು ಬರುತ್ತದೆ. ಬಾಗಿಲು ಮುಂದೆ ಮಾಡಿದ ಅಷ್ಟೂ ದಿನಗಳು ಹೊರಗೆ ಬರುತ್ತವೆ. ಅಣ್ಣನಿಗೆ ಪೀಣ್ಯವೂ ಇಲ್ಲ, ನನಗೆ ಮನೆಯ ನಾಲ್ಕು ಗೋಡೆ. ಇಷ್ಟೆಲ್ಲ ಯೋಚಿಸಲು ಒಂದು ಗಳಿಗೆ ಸಾಕಾಯಿತು. ಬಾಯಿ ಬಿಡಲಿಲ್ಲ. ಡಾಕ್ಟರಮ್ಮ ಗ್ಯಾಸಿಗೆ ಇಂಜೆಕ್ಷನ್ ಕೊಟ್ಟು, ಕಡಿಮೆಯಾಗದಿದ್ದರೆ ದೊಡ್ಡಾಸ್ಪತ್ರೆಗೆ ಹೋಗಿ ಎಂದು ಕಳಿಸಿದಳು. ಆಟೋ ಹತ್ತಿಸುವಾಗ “ಆಸ್ಪತ್ರೆಗೇ ಹೋಗೋಣ ಅಣ್ಣ” ಎಂದೆ. “ಮಲಗಿದ್ರ ಹೋಗ್ತದ, ನೀ ಮಧ್ಯಾಹ್ನದ ಅಡುಗಿ ನೋಡು” ಎಂದರು. ನಾನು ಅಡುಗೆ ನೋಡಲು ಹೋದೆ.

ಶುಕ್ರವಾರ ಅಣ್ಣ ಬರಲಿಲ್ಲ. ಫೋನೂ ಎತ್ತಲಿಲ್ಲ. ಹತ್ತು ಗಂಟೆಗೆ ಸಿಂಗಸಂದ್ರಕ್ಕೆ ಹೋದೆ. ಮನೆ ಮಾಲೀಕರು ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದರು. ಅಣ್ಣ ನೆಲದ ಮೇಲೆ ಮೊಣಕಾಲನ್ನು ಎದೆಗೆ ಅವುಚಿಕೊಂಡು ಮಲಗಿದ್ದರು. ಬಕೆಟ್ಟು ಪಕ್ಕದಲ್ಲಿತ್ತು. ಕರೆದರೆ ಕಣ್ಣು ಬಿಟ್ಟರು, ಮಾತು ಬರಲಿಲ್ಲ. ನಾನೂ ಮಾಲೀಕರೂ ಸೇರಿ ಎತ್ತಿದೆವು. ಮೊದಲಾಗಿದ್ದರೆ ನಾಲ್ಕು ಆಳು ಬೇಕಾಗುತ್ತಿತ್ತು. ಹೊಸೂರು ರಸ್ತೆಯ ಆಸ್ಪತ್ರೆಯಲ್ಲಿ ಸ್ಟ್ರೆಚರ್ ಮೇಲೆ ಹಾಕುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ಪೆನ್ನು, ಡೋಸು, ಹಾರಿದ ಹಂತ, ಯಾವುದನ್ನೂ ಬಿಡಲಿಲ್ಲ.

ಸಂಜೆ ಡಾಕ್ಟರು ಕರೆದರು. “ಪ್ಯಾಂಕ್ರಿಯಾಸ್ ತುಂಬಾ ಊದಿದೆ. ಈ ಔಷಧ ತಗೊಳ್ಳೋರಲ್ಲಿ ಹೀಗಾಗೋದು ಅಪರೂಪ. ಇದರಿಂದಲೇ ಆಯ್ತು ಅಂತ ಕಡ್ಡಿ ಮುರಿದ ಹಾಗೆ ಹೇಳಕ್ಕೂ ಆಗಲ್ಲ. ಆದ್ರೆ ಆದಾಗ ಒಂದೊಂದು ಗಂಟೆನೂ ಮುಖ್ಯ. ನಿನ್ನೆ ತೋರಿಸಿದ್ರಂತಲ್ಲ, ಅಲ್ಲಿ ಈ ವಿಷ್ಯ ಹೇಳಿರ್ಲಿಲ್ವಾ?”

“ಇಲ್ಲ ಸಾರ್.”

“ನಿನ್ನೆನೇ ಸೇರಿಸಿದ್ರೆ ಹುಷಾರಾಗ್ತಿದ್ರಾ ಸಾರ್?” ಎಂದು ಕೇಳುವ ಧೈರ್ಯ ಆಗ ಬರಲಿಲ್ಲ. ಅಣ್ಣ ಹೋದ ಮೇಲೆ ಕೇಳಿದಾಗ ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು.

ಐದನೆಯ ದಿನ ಅಣ್ಣನಿಗೆ ಸ್ವಲ್ಪ ತಿಳಿವು ಬಂತು. ಐಸಿಯು ಒಳಗೆ ಹತ್ತು ನಿಮಿಷ ಬಿಟ್ಟರು. ಮೂಗಿಗೆ, ಕೈಗೆ ನಳಿಕೆಗಳು. ಹತ್ತಿರ ಬಾ ಎಂದು ಕಣ್ಣಲ್ಲೇ ಕರೆದರು. ಪೀಣ್ಯದ ಮ್ಯಾನೇಜರು ಬೆಳಿಗ್ಗೆ ಬಂದು ಹೋಗಿದ್ದರಂತೆ. “ಕಡೀತನಕ ರುಚಿ ನಾನ ನೋಡೀನಿ ಅಂತ ಹೇಳೀನಿ. ನಿನ್ನ ಹೆಸರು ಬಂದಿಲ್ಲ. ನೀ ಬಾಯಿ ಬಿಡಬ್ಯಾಡ.” ಒಂದೊಂದು ಮಾತಿಗೂ ಉಸಿರು ಎಳೆಯುತ್ತಿದ್ದರು. ನಾನು ಅಳುತ್ತಿದ್ದೆ. ಗುರುವಾರ ನಾನು ಸುಮ್ಮನಿದ್ದುದಕ್ಕೆ ಒಂದು ಬೈಗುಳವಾದರೂ ಬರಲಿ ಎಂದು ಕಾದೆ. ಬರಲಿಲ್ಲ.

“ಇವತ್ತೇನ್ ಅಡುಗಿ?” ಎಂದರು.

“ಹುರುಳಿಕಾಳು ಸಾರು ಅಣ್ಣ. ಬೀನ್ಸ್ ಪಲ್ಯ.”

ಅಣ್ಣ ಒಣಗಿದ ತುಟಿ ಸವರಿಕೊಂಡರು. ಮುಖದಲ್ಲಿ ಆಶ್ಚರ್ಯವಿತ್ತು. “ಹಸಿವಾಗಾಕತ್ತೈತಿ ತಂಗಿ” ಎಂದರು. “ಎಷ್ಟ ದಿನ ಆತು.” ನರ್ಸು ಕಡೆ ನೋಡಿದೆ. ಬಾಯಿಗೆ ಒಂದು ತೊಟ್ಟು ನೀರೂ ಹಾಕುವಂತಿಲ್ಲ ಎಂದಳು. ಅವರು ಕಣ್ಣು ಮುಚ್ಚಿ, ತಲೆ ಸ್ವಲ್ಪ ಮೇಲೆತ್ತಿ ಮಲಗಿದ್ದರು. ಆ ಹಸಿವಿನಲ್ಲಿಯೇ ಇನ್ನೂ ನಾಲ್ಕು ದಿನ ಬದುಕಿದ್ದರು.

ಊರಿನಿಂದ ಅಣ್ಣನ ಅಕ್ಕ ಬಂದಿದ್ದರು. ಎಪ್ಪತ್ತು ದಾಟಿದ ಹೆಂಗಸು, ಹಣೆಯಲ್ಲಿ ವಿಭೂತಿ, ಆಕಾರದಲ್ಲಿ ಥೇಟ್ ತಮ್ಮನೇ. ದೇಹವನ್ನು ಆಂಬುಲೆನ್ಸಿನಲ್ಲಿ ಇಟ್ಟ ಮೇಲೆ, ಹತ್ತುವ ಮೊದಲು ನನ್ನ ಎರಡೂ ಕೈ ಹಿಡಿದುಕೊಂಡರು. ಇನ್ನೇನು ಕೇಳುತ್ತಾರೋ ಎಂದು ಹೆದರಿದೆ. ಇಂಜೆಕ್ಷನ್ ಬಗ್ಗೆ ಕೇಳಲಿಲ್ಲ, ಗುರುವಾರದ ಬಗ್ಗೆಯೂ ಕೇಳಲಿಲ್ಲ.

“ನನ್ನ ತಮ್ಮ ಉಣ್ಣೋದರಾಗ ಬಾಳ ಆಸಿಯವ. ಇಷ್ಟು ಸೊರಗ್ಯಾನಲ್ಲವಾ. ಕಡೀ ಕಡೀಗೆ ಹೊಟ್ಟಿ ತುಂಬ ಉಣ್ತಿದ್ದನೇನವಾ? ಎಲ್ಲಾರ ಜೋಡಿ ಕುಂತು ಉಣ್ತಿದ್ದನೇನು?”

“ಉಣ್ತಿದ್ರು ಅಕ್ಕ. ನಮ್ ಜೊತೇಲೇ ಕೂತು, ಹೊಟ್ಟೆ ತುಂಬಾ ಉಣ್ತಿದ್ರು” ಎಂದೆ.

ಅವರಿಗೆ ಎಷ್ಟೋ ಸಮಾಧಾನವಾಯಿತು. ನನ್ನ ತಲೆ ಸವರಿ ಗಾಡಿ ಹತ್ತಿದರು. ಗುರುವಾರ ಡಾಕ್ಟರಮ್ಮ ನನ್ನ ಮುಖ ನೋಡಿ ಕೇಳಿದಾಗ ಒಂದು ನಿಜ ಹೇಳಲು ತೆರೆಯದ ಬಾಯಿ, ಆ ಸುಳ್ಳು ಹೇಳಲು ಒಂದಿಷ್ಟೂ ತಡ ಮಾಡಲಿಲ್ಲ.